ಆಲ್ಬಾದ ಗೋಡೆಯೊಳಗಿರುವ ಮಗಳಿಗೆ

ಫೂಕಿನಸ್ ಸರೋವರದ ದಂಡೆ,
ಬಾರ್ಲಿ ಕೊಯ್ಲು ಮುಗಿದ ಮಾರನೆಯ ದಿನ

ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದೂ ಕೈಗೆ ಸಿಗದ ಮಗಳು ಸಾಲ್ವಿಯಾಳಿಗೆ ಅವ್ವನ ಆಶೀರ್ವಾದ. ಮೊಮ್ಮಗಳಿಗೆ ಮುತ್ತು. ಅವಳ ಹೆಸರೇನೆಂದು ನೀನು ಬರೆಯಲಿಲ್ಲ.

ಹೇಸರಗತ್ತೆಯವನ ಕೈಲಿ ಕಳಿಸಿದ ಓಲೆ ತಲುಪಿತು. ನಿನ್ನ ಗಂಡನನ್ನು ಕೊಂದದ್ದು ಅಣ್ಣನೇನು ಎಂದು ಕೇಳಿದ್ದೀಯ. ಉತ್ತರ ಬರುವ ತನಕ ತವರಿಗೆ ಕರೆಯಬೇಡವೆಂದಿದ್ದೀಯ. ಅತ್ತೆಮನೆಯಲ್ಲಿ ನಿನ್ನನ್ನು ‘ಮಾರ್ಸಿಯರ ಹಾವು’ ಎಂದು ಹಂಗಿಸುತ್ತಾರಂತೆ, ಓಲೆ ತಂದವನೇ ಹೇಳಿದ. ಆ ದಿನ, ಮರುದಿನ ಬೆಳಗಿನವರೆಗೂ ಒಲೆ ಹಚ್ಚಲಿಲ್ಲ ನಾನು.

ನಿನ್ನಣ್ಣ ಹೆರಿಯಸ್ ದಂಗೆಗೆ ಯಾಕೆ ಹೋದನೆಂದು ಮೊದಲು ತಿಳಿದುಕೋ. ಆಫ್ರಿಕಾದಲ್ಲಿ ರೋಮಿಗಾಗಿ ಕಾದಾಡಿ ಬಂದ ಮೇಲೆ ಅವನು ಅಂಗಿ ಬಿಚ್ಚಿ ಸರೋವರಕ್ಕೆ ಇಳಿಯುವುದನ್ನೇ ಬಿಟ್ಟಿದ್ದನಲ್ಲ, ಬೆನ್ನ ತುಂಬ ಬಾಸುಂಡೆ ಇದ್ದವು. ಅವನೂ ಒಬ್ಬ ರೋಮಿನ ಸಿಪಾಯಿಯೂ ಅಪ್ಪಣೆಯಿಲ್ಲದೆ ಪಾಳೆಯ ಬಿಟ್ಟು ಅಂಜೂರ ಕೀಳಲು ಹೋಗಿದ್ದರಂತೆ. ರೋಮಿನವನು ಪ್ರಜೆ, ಅವನ ಮೈಮೇಲೆ ಕೋಲು ಎತ್ತುವಂತಿಲ್ಲ, ಬೈದು ಬಿಟ್ಟರು. ನಮ್ಮವನು ಬರೀ ಮಿತ್ರದೇಶದವನು, ಕಂಬಕ್ಕೆ ಕಟ್ಟಿದರು. “ಗೆದ್ದ ಊರೆಲ್ಲ ಅವರದು ಅವ್ವಾ. ಗೆಲ್ಲೋಕೆ ಹೋಗಿ ಸತ್ತೋರು ಮಾತ್ರ ನಮ್ಮೋರು” ಎಂದು ಒಮ್ಮೆ ಹೇಳಿದ್ದ. ಆಮೇಲೆ ಆ ಮಾತೆತ್ತಲಿಲ್ಲ.

ಪ್ರಜೆಯ ಹಕ್ಕು ಕೇಳಿ, ಕೇಳಿ ಸಾಕಾಗಿ ನಮ್ಮ ಮಾರ್ಸಿ ಜನ ರೋಮಿನ ವಿರುದ್ಧ ಎದ್ದಾಗ ಆಲ್ಬಾದವರು ರೋಮಿನ ಕಡೆ ನಿಂತು ಕೋಟೆ ಬಾಗಿಲು ಹಾಕಿಕೊಂಡರು. ಗೋಡೆಯ ಮೇಲೆ ನನ್ನ ಅಳಿಯ ಮಾನಿಯಸ್, ಗೋಡೆಯ ಕೆಳಗೆ ನನ್ನ ಮಗ, ಒಳಗೆ ಬಸುರಿ ನೀನು. ಸಂಜೆಯಾದರೆ ಅಂಗಳದಲ್ಲಿ ನಿಂತು ಆಲ್ಬಾ ಗುಡ್ಡದ ಹೊಗೆಗಳಲ್ಲಿ ನಿನ್ನ ಮನೆಯದು ಯಾವುದೆಂದು ಹುಡುಕುತ್ತಿದ್ದೆ. ಯಾರು ಗೆಲ್ಲಲಿ ಎಂದು ದೇವಿಯನ್ನು ಬೇಡಿಕೊಳ್ಳಬೇಕೋ ತಿಳಿಯದೆ ಬರಿಗೈ ಮುಗಿದು ಬರುತ್ತಿದ್ದೆ.

ನಿಮ್ಮಲ್ಲಿ ಕಾಳು ಮುಗಿದಾಗ ಮಾನಿಯಸನ ಗುಂಪು ನಮ್ಮ ಕುರಿಗಳನ್ನು ಹೊಡೆದುಕೊಂಡು ಹೋಗಲು ಬೆಳಗಿನ ಮಂಜಿನಲ್ಲಿ ಹೊರಬಿತ್ತು. ಸರೋವರದ ಬದಿಯ ಜೊಂಡಿನಲ್ಲಿ ನಮ್ಮವರಿಗೂ ಅವರಿಗೂ ಕೈಕೈ ಮಿಲಾಯಿಸಿತು. ಮಧ್ಯಾಹ್ನದ ಹೊತ್ತಿಗೆ ಹೆರಿಯಸ್ ಒಬ್ಬನನ್ನು ಬೆನ್ನ ಮೇಲೆ ಹೊತ್ತು ಬಂದು ಬಾಗಿಲಲ್ಲಿ ನಿಂತ. “ಹಾಸಿಗೆ ಹಾಸು ಅವ್ವಾ. ಭಾವ” ಅಂದ. ಪಕ್ಕೆಲುಬಿನ ಕೆಳಗೆ ಈಟಿಯ ಗಾಯ. ಅಂಗಿಟಿಯಾ ದೇವಿಯ ತೋಪಿಗೆ ಓಡಿ ನಾನು ಬಲ್ಲ ಸೊಪ್ಪನ್ನೆಲ್ಲ ತಂದು ಅರೆದು ಕಟ್ಟಿದೆ.

ವೈರಿಯನ್ನು ಮನೆಯಲ್ಲಿಟ್ಟುಕೊಂಡದ್ದು ಗೊತ್ತಾದರೆ ನಮ್ಮವರೇ ಇಬ್ಬರನ್ನೂ ಕೊಲ್ಲುತ್ತಿದ್ದರು. ನೆರೆಯ ಹೆಂಗಸರಿಗೆಲ್ಲ ಗೊತ್ತಿತ್ತು, ಒಬ್ಬಳೂ ಬಾಯಿ ಬಿಡಲಿಲ್ಲ. ದಂಡಿನವರು ಹುಡುಕಿಕೊಂಡು ಬಂದಾಗ ನಿನ್ನಣ್ಣ ಬಾಗಿಲಿಗೆ ಅಡ್ಡ ನಿಂತು, ಒಳಗೆ ತಾಯಿಗೆ ಅಂಟುಜ್ವರ ಎಂದು ಹೇಳಿ ಸಾಗಹಾಕಿದ. ನಾನು ಮಾನಿಯಸನ ಬದಿಯಲ್ಲೇ ಗೋಡೆಗೆ ಒತ್ತಿ ನಿಂತಿದ್ದೆ. ಅವರು ಹೋದ ಮೇಲೆ ಮಾನಿಯಸ್ ಗಾಯ ಹಿಡಿದುಕೊಂಡು, ತನ್ನ ಗಡ್ಡ ಸವರಿ ನಕ್ಕ. “ಜ್ವರಕ್ಕೆ ನಿಮಗೆ ಗಡ್ಡ ಬೇರೆ ಬಂದಿದೆ ಅತ್ತೆ” ಅಂದ.

ಅವರಿಬ್ಬರೂ ಹೆಚ್ಚು ಮಾತಾಡಲಿಲ್ಲ. ಒಂದು ಸಂಜೆ ಮಾನಿಯಸ್, ರೋಮಿನವರು ಹೆದರಿದ್ದಾರೆ, ಹಕ್ಕು ಕೊಟ್ಟೇ ಕೊಡುತ್ತಾರೆ ಎಂದ. ಹೆರಿಯಸ್, “ಕೊಡೋದೇ ಆಗಿದ್ರೆ ಮೊದಲೇ ಕೊಡಬೋದಿತ್ತಲ್ಲ ಭಾವ” ಎಂದ.

ಮಾನಿಯಸನ ಗಾಯದಲ್ಲಿ ಕೀವು ತುಂಬಿತು. ಜ್ವರದಲ್ಲಿ ನಿನ್ನ ಹೆಸರನ್ನೇ ಕನವರಿಸಿದ. ಒಂದು ಬೆಳಿಗ್ಗೆ ಹೋಗಿಬಿಟ್ಟ. ಚಿತೆಗೆ ಬೆಂಕಿಯಿಟ್ಟವನು ನಿನ್ನಣ್ಣನೇ. ಬೂದಿಯನ್ನು ಗಡಿಗೆಯಲ್ಲಿಟ್ಟು ನಮ್ಮ ಮನೆದೇವರ ಪಕ್ಕದಲ್ಲೇ ಇಟ್ಟಿದ್ದೇನೆ. ಅದು ನಿನಗೆ ಸೇರಿದ್ದು.

ಈಗ ನಾವು ಸೋತಿದ್ದೇವೆ, ಕೇಳಿದ ಹಕ್ಕೂ ಸಿಕ್ಕಿದೆ. ಇಂಥ ಯುದ್ಧವನ್ನು ನಾನು ಕೇಳಿಲ್ಲ. ಊರಿನ ಗಂಡಸರೆಲ್ಲ ರೋಮಿಗೆ ಹೋಗಿ ಪ್ರಜೆಗಳೆಂದು ಹೆಸರು ಬರೆಸಿ ಬಂದರು. ಹೆರಿಯಸ್ ಹೋಗಲಿಲ್ಲ. ನಿನ್ನ ಬೆನ್ನಿಗೆ ಇನ್ನು ಯಾರೂ ಕೋಲು ಎತ್ತುವಂತಿಲ್ಲವಲ್ಲೋ, ಹೋಗು ಎಂದೆ. “ಯಾವ ಮುಖ ಹೊತ್ಕೊಂಡು ಹೋಗ್ಲಿ?” ಎಂದು ಬಲೆ ತೆಗೆದುಕೊಂಡು ದೋಣಿಯ ಕಡೆ ನಡೆದ.

ಬಾ ಮಗಳೇ. ಹಾವು ಅನ್ನುವವರ ಮನೆಯಲ್ಲಿ ಮಗು ಬೆಳೆಯುವುದು ಬೇಡ. ಗಂಡನ ಬೂದಿಯನ್ನು ಒಯ್ಯಲಾದರೂ ಬಾ.

ನಿನ್ನ ದಾರಿ ನೋಡುತ್ತಿರುವ,
ಅವ್ವ

ಮಡಿಚಿ ಅರಗು ಹಚ್ಚುವಾಗ ಕೈ ಬರಲಿಲ್ಲ, ಮತ್ತೆ ಬಿಚ್ಚಿದ್ದೇನೆ. ಇಷ್ಟೆಲ್ಲ ಬರೆದು ನೀನು ಕೇಳಿದ್ದನ್ನೇ ಬಿಟ್ಟಿದ್ದೆ. ಹೌದು, ಅಣ್ಣನ ಈಟಿಯೇ. ಮಂಜಿನಲ್ಲಿ ಮುಖ ಕಂಡದ್ದು ಈಟಿ ಹೊಕ್ಕ ಮೇಲೆ. ಇದನ್ನು ತಿಳಿದ ಮೇಲೂ ಬರುವುದು ಬಿಡುವುದು ನಿನ್ನಿಷ್ಟ. ಮಾನಿಯಸನಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೂ ನಾನು ಗಂಜಿ ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ. ಕೊನೆಯ ತನಕ ನಿನ್ನಣ್ಣನ ಕೈಯಿಂದಲೇ ಕುಡಿದ.