ಜೀಪಿನಲ್ಲಿ ಅಮ್ಮನಿಗೆ ನಿದ್ದೆ ಬಂತು

ಏನೇ ಮೆಕ್ಯಾನಿಕ್ ಮಹಾರಾಣಿ,

ಗ್ರೀಸ್ ಮೆತ್ತಿದ ಕೈಯಲ್ಲೇ ಸೋಫಾದ ಮೇಲೆ ಬಿದ್ದುಕೊಂಡಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ಅಮ್ಮನನ್ನು ಕರೆದುಕೊಂಡು ಬೆಟ್ಟದ ಮೇಲಿನ ದೊಡ್ಡಮ್ಮನ ಮನೆಗೆ ಹೊರಟಿದ್ದೇನೆ. ಹೌದು, ನಿನ್ನ ಜೀಪಿನಲ್ಲೇ!

ಹೋದ ಸಲ ಅಮ್ಮ ಸೊಂಟ ಹಿಡಿದುಕೊಂಡು ಇಳಿದು, "ಸತ್ರೂ ಇನ್ನು ಈ ಡಬ್ಬಾ ಹತ್ತಲ್ಲ" ಅಂದಿದ್ದಳಲ್ಲ. ದೊಡ್ಡಮ್ಮ ಹಾಸಿಗೆ ಹಿಡಿದ ಮೇಲೂ ಅದೇ ಹಟ. ಬೇರೆ ಯಾವ ಗಾಡಿಯೂ ಆ ದಾರಿ ಹತ್ತುವುದಿಲ್ಲ. ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡದೆಯೇ ಉಳಿದುಬಿಡುತ್ತಾರೇನೋ ಎಂದು ನನಗೆ ಒಳಗೊಳಗೇ ಪುಕುಪುಕು.

ಬೆಳಿಗ್ಗೆ ಪುಸಲಾಯಿಸಿ ಕೂರಿಸಿಕೊಂಡು ಹೊಳೆದಂಡೆಯ ಕಲ್ಲುದಾರಿಯಲ್ಲಿ ಒಂದು ಸುತ್ತು ಹಾಕಿದೆ. ಹಳೇ ಗಟ್ಟಿ ಸ್ಪ್ರಿಂಗ್ ಪಟ್ಟಿಗಳಿದ್ದಾಗ ಪ್ರತಿ ಕಲ್ಲೂ ಬೆನ್ನುಮೂಳೆಗೇ ಬಡಿಯುತ್ತಿತ್ತು. ಈಗ ನೀನು ಹಾಕಿದ ಮೆದು ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಸೇರಿ ಗುಂಡಿಗಳನ್ನೆಲ್ಲ ನುಂಗಿಕೊಂಡವು. ಪಕ್ಕಕ್ಕೆ ನೋಡಿದರೆ ಅಮ್ಮ ಬಾಯಿ ತೆರೆದು ಗೊರಕೆ! ಮನೆ ಮುಂದೆ ನಿಲ್ಲಿಸಿದಾಗ ಕಣ್ಣುಜ್ಜಿಕೊಂಡು, "ಇನ್ನೂ ಹೊರಟೇ ಇಲ್ವೇನೋ?" ಅಂದಳು. ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು ಕಣೇ.

ಕಳಚಿದ ಪಟ್ಟಿಗಳು ಬಚ್ಚಲ ಬಾಗಿಲಲ್ಲೇ ಬಿದ್ದಿವೆ, ಎಡವಬೇಡ. ಅಲ್ಲಿಟ್ಟವಳು ನೀನೇ, ನನ್ನನ್ನು ಬೈಯಬೇಡ. ಹೆಬ್ಬೆರಳ ಗಾಯಕ್ಕೆ ಮುಲಾಮು ಹಚ್ಚಿಕೋ. ಪಾತ್ರೆ ಹಾಗೇ ಇರಲಿ, ನಾನು ಬಂದು ತೊಳೆಯುತ್ತೇನೆ. ನೀನು ಹೇಳಿದಂತೆ ನಟ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿದ್ದೇನೆ.

ಅಮ್ಮ ಆಗಲೇ ಹತ್ತಿ ಕೂತು, ಪಕ್ಕದಿಂದ ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾಳೆ. ನಿನಗೆ ಒಂದು ಮಾತು ಬರೆಯಲು ಹೇಳಿದಳು: "ನಡುಮನೇಲಿ ಇನ್ನೊಂದು ಹಾಸಿಗೆ ಹಾಸಿಡು ಅನ್ನು. ನಾಳೆ ಬರ್ತಾ ಅಕ್ಕನ್ನೂ ಇದ್ರಲ್ಲೇ ಕರ್ಕೊಂಡ್ ಬರ್ತೀನಿ."