ಹೊದಿಕೆ ಎಂದವಳು ನೀನು

ಅಕ್ಕಾ,

ಇವತ್ತು ಪ್ರೋಗ್ರಾಮಿಂಗ್ ತರಗತಿಯಲ್ಲಿ ಡೆಕೊರೇಟರ್ ಪಾಠವಿತ್ತು. ಫಂಕ್ಷನ್, ಅಂದರೆ ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಣುಕು, ಅದರ ಒಳಗೆ ಕೈಯಾಡಿಸದೆ ಅದರ ಸುತ್ತ ಬೇರೊಂದು ಕೆಲಸ ಸೇರಿಸುವುದು ಎಂದು ಹೇಳಿ, ನಾವಿಬ್ಬರೂ ಬರೆದ ಪುಸ್ತಕದಲ್ಲಿರುವಂತೆ ‘ಅಲಂಕಾರಕ’ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಇದ್ರಲ್ಲಿ ಅಲಂಕಾರ ಏನಿದೆ ಮೇಡಂ? ಹೊದಿಸಿದ ಹಾಗಿದೆ ಅಷ್ಟೆ. ಹೊದಿಕೆ ಅನ್ಬಾರ್ದಾ?”

ನೀನೂ ಹಾಗೇ ಹಟ ಹಿಡಿದಿದ್ದೆ. ನೀನು ಆಸ್ಪತ್ರೆ ಸೇರಿದಾಗ, ಒಂದು ಮಾತೂ ಕೇಳದೆ, ಕರಡಿನಲ್ಲಿದ್ದ ‘ಹೊದಿಕೆ’ಗಳನ್ನೆಲ್ಲ ಅಳಿಸಿ, ‘ಅಲಂಕಾರಕ’ ಎಂದು ಹಾಕಿ ಅಚ್ಚಿಗೆ ಕಳಿಸಿದವಳು ನಾನು. ಪುಸ್ತಕ ತಂದುಕೊಟ್ಟಾಗ ನೀನು ಆ ಪುಟವನ್ನೇ ತೆರೆದೆ. “ಚೆನ್ನಾಗ್ ಬಂದಿದೆ ಬಿಡು” ಎಂದು ಗೋಡೆಯ ಕಡೆ ಹೊರಳಿಕೊಂಡೆ. ಅಲ್ಲಿಂದ ನೀನು ಮನೆಗೆ ಬರಲೇ ಇಲ್ಲ.

ಬೋರ್ಡಿನ ಮೇಲೆ ‘ಹೊದಿಕೆ’ ಎಂದು ತಿದ್ದಿದೆ.

“ಇದೇ ಸರಿ ಅಂದ್ರೆ ಪುಸ್ತಕದಲ್ಲಿ ಯಾಕಿಲ್ಲ ಮೇಡಂ?”

ಗಂಟೆ ಹೊಡೆಯುವವರೆಗೂ ನಾನು ಬೋರ್ಡಿನ ಕಡೆಯಿಂದ ತಿರುಗಲಿಲ್ಲ.