ಮಟಿಲ್ಡಾಳ ಅಧ್ಯಾಯ

ಅಕ್ಟೋಬರ್ 7, 2017, ಶನಿವಾರ

ಒಶಾವಾದ ನಮ್ಮ ಮನೆಯಿಂದ ಲೋಕಲ್ ಟ್ರೇನು, ಆಮೇಲೆ ಬಸ್ಸು. ರಿಚ್ಮಂಡ್ ಹಿಲ್ ತಲುಪುವಷ್ಟರಲ್ಲಿ ಮತ್ತೆ ವಾಂತಿ; ನಾಲ್ಕನೇ ತಿಂಗಳು. ಸರ್ ಅವರ ಹೆಂಡತಿ ಲೀಲಮ್ಮ ಕಾಕು ನಿಂಬೆ ಪಾನಕ ಕೊಟ್ಟರು. ಚನ್ನಬಸಪ್ಪ ಸರ್ ಕಾಯುತ್ತಿದ್ದರು. ಪಾರ್ಕಿನ್ಸನ್ ಬಂದ ಮೇಲೆ ಅವರ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಇಂಗ್ಲೆಂಡಿನ ಪಟ್ಟದ ಜಗಳಗಳ ಇತಿಹಾಸ, ಕನ್ನಡದಲ್ಲಿ. ಇಲ್ಲಿನ ಯೂನಿವರ್ಸಿಟಿಯಲ್ಲಿ ಜೀವನವಿಡೀ ಇಂಗ್ಲಿಷಿನಲ್ಲಿ ಪಾಠ ಮಾಡಿದವರ ಕೊನೆಯ ಆಸೆ. ಧಾರವಾಡದಲ್ಲಿ ಹಿಸ್ಟರಿ ಎಂ.ಎ. ಮಾಡಿ, ಇಲ್ಲಿ ಅಂಗಡಿಯ ಕ್ಯಾಶಿನಲ್ಲಿ ನಿಂತ ನನಗೂ ಇದೊಂದೇ ಆಸೆ.

ಇವತ್ತು ಮಟಿಲ್ಡಾ. ದೊರೆ ಹೆನ್ರಿಯ ಪಟ್ಟದ ಮಗ ಹಡಗು ಮುಳುಗಿ ಸತ್ತ. ಉಳಿದವಳು ಮಗಳು. ಆಸ್ಥಾನದವರನ್ನೆಲ್ಲ ಕರೆಸಿ ಆಣೆ ಹಾಕಿಸಿದ — ನನ್ನ ನಂತರ ಇವಳೇ. ಸೋದರಳಿಯ ಸ್ಟೀಫನ್ ಮುಂದೆ ಬಂದು ಆಣೆ ಮಾಡಿದ.

ಸರ್ ಅಲ್ಲಿಗೆ ನಿಲ್ಲಿಸಿದರು. ಕಾಕುವನ್ನು ಕರೆದರು. ಅಡುಗೆಮನೆಯ ನಲ್ಲಿ ರಿಪೇರಿ ಮಾಡುತ್ತಿದ್ದ ಶ್ರೀನಿವಾಸ ಅವರನ್ನೂ. ಸರ್ ಅವರ ಹಳೆಯ ವಿದ್ಯಾರ್ಥಿ, ಬೆಂಗಳೂರಿನವರು, ಇಲ್ಲಿನ ಕನ್ನಡ ಸಂಘದ ಸೆಕ್ರೆಟರಿ.

"ನಾ ಹೋದ್ರ ಇದನ್ನ ಕೋಕಿಲಾನ ಮುಗಸಬೇಕು. ಮಾತು ಕೊಡ್ರಿ," ಅಂದರು ಸರ್, ನನ್ನ ಕಡೆ ಕೈ ತೋರಿಸಿ.

"ಯಾಕ್ ಸರ್ ಈ ಮಾತೆಲ್ಲ? ಖಂಡಿತಾ. ಕೋಕಿಲಾ ಅವ್ರೇ ಮುಗಿಸ್ಲಿ," ಅಂದರು ಶ್ರೀನಿವಾಸ. ಕಾಕು ಕಣ್ಣೊರೆಸಿಕೊಂಡು ತಲೆಯಾಡಿಸಿದರು.

ಅಕ್ಟೋಬರ್ 24

ರಕ್ತ ಕಂಡಿತು. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದರು. ಹಿಂದಿನ ಎರಡು ಸಲವೂ ಹೀಗೇ ಶುರುವಾಗಿ...

"ಇನ್ನ ಟ್ರೇನು ಗೀನು ಬ್ಯಾಡ," ಅಂದರು ನನ್ನ ಗಂಡ ಉಮಾಶಂಕರ. ನಾನು ವಾದ ಮಾಡಲಿಲ್ಲ.

ನವೆಂಬರ್ 18

ಸರ್ ಫೋನು. ಒಂದೊಂದು ಮಾತಿಗೂ ಏದುಸಿರು.

"ಮಟಿಲ್ಡಾ ಎಲ್ಲಿಗೆ ಬಂದ್ಲವಾ?"

"ಲಂಡನ್ನಿಗೆ ಬಂದಾಳ್ರಿ ಸರ್."

"ಪಟ್ಟ?"

"ಇನ್ನೂ ಇಲ್ರಿ."

ಅವರು ಹೇಳಿ ನಾನು ಬರೆದದ್ದು ಅಲ್ಲಿಗೇ ನಿಂತಿತ್ತು. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

ಡಿಸೆಂಬರ್ 13

ಸರ್ ಸೋಮವಾರವೇ ಹೋದರಂತೆ. ನನಗೆ ಹೇಳಿದ್ದು ಇವತ್ತು, ಎಲ್ಲ ಮುಗಿದ ಮೇಲೆ. "ಕೂಸಿನ ಸಲುವಾಗಿ ಹೇಳಲಿಲ್ಲ," ಅಂದರು ಉಮಾಶಂಕರ. ಗೋಡೆಯ ಕಡೆ ತಿರುಗಿ ಮಲಗಿದೆ. ಮುಖ ಕೂಡ ನೋಡಲಿಲ್ಲ ನಾನು. ಮುಖ ಕೂಡ...

ಡಿಸೆಂಬರ್ 17

ನಾನು ಬರೆದ ಹಾಳೆಗಳೆಲ್ಲ ಸರ್ ಅವರ ಮೇಜಿನ ಮೇಲೇ ಇದ್ದವು. ಕಾಕುಗೆ ಫೋನು ಮಾಡಿದೆ. "ಶ್ರೀನಿವಾಸ ಒಯ್ದಾನವಾ" ಎಂದರು. ತಕ್ಷಣ ಅವರಿಗೇ ಮಾಡಿದೆ.

"ಯುಗಾದಿಗೆ ರಿಲೀಸ್ ಮಾಡೋಣ ಅಂತ ಮೇಡಂ. ನಾನೇ ಮುಗಿಸ್ತಿದೀನಿ. ನಿಮ್ಗೆ ಈಗ ರೆಸ್ಟ್ ಮುಖ್ಯ."

"ಮಟಿಲ್ಡಾನ ಅಧ್ಯಾಯ?"

"ಎರಡು ಪುಟ ಸಾಕು. ಆಕೆಗೆ ಪಟ್ಟಾನೇ ಆಗ್ಲಿಲ್ವಲ್ಲ."

"ಸರ್ ಮುಂದ ಮಾತು ಕೊಟ್ಟಿದ್ರಿ."

"ಅದು ಅವ್ರ ಸಮಾಧಾನಕ್ಕೆ ಹೇಳಿದ್ದು."

ಹೆನ್ರಿ ಸತ್ತಾಗ ಮಟಿಲ್ಡಾ ಸಮುದ್ರದಾಚೆ ಇದ್ದಳು, ಗರ್ಭಿಣಿ. ಆ ತಿಂಗಳು ಕಳೆಯುವುದರೊಳಗೆ ಸ್ಟೀಫನ್ ಕಿರೀಟ ಹಾಕಿಕೊಂಡಿದ್ದ. ಆಣೆ ಮಾಡಿದವರು ಅದು ಒತ್ತಾಯದ ಆಣೆ ಅಂದರು. ಇದನ್ನೆಲ್ಲ ನನ್ನ ಕೈಯಿಂದಲೇ ಬರೆದಿದ್ದೆ. ಓದುವುದು ಒಂದು, ನಮಗೇ ಆಗುವುದು ಇನ್ನೊಂದು. ಮಗ್ಗುಲಾಗಲೂ ಭಯ.

ಜನವರಿ 6, 2018, ಬೆಳಿಗ್ಗೆ

ಉಮಾಶಂಕರ ಶಿಫ್ಟಿಗೆ ಹೋದರು. ಹೊರಗೆ ಮೈನಸ್ ಇಪ್ಪತ್ತು. ಕಾಕು ಮನೆಗೆ ಹೋಗಲು ಟ್ಯಾಕ್ಸಿ ಹೇಳಿದ್ದೇನೆ. ತಪ್ಪು ಅಂತ ಗೊತ್ತು. ಹೋಗುತ್ತೇನೆ.

ಜನವರಿ 15, ಆಸ್ಪತ್ರೆ

ಈಗ ಬರೆಯಬಲ್ಲೆ.

ಅವತ್ತು ಶ್ರೀನಿವಾಸ ಅಲ್ಲೇ ಇದ್ದರು, ಬಾಗಿಲ ಮುಂದಿನ ಹಿಮ ತೆಗೆಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು. ನಾನು ನೇರ ಕಾಕುವಿನ ಮುಂದೆ ಹೋಗಿ ನಿಂತೆ.

"ಕಾಕು, ನೀವರ ಹೇಳ್ರಿ. ಸರ್ ಏನಂದಿದ್ರು?"

"ಅಂದಿದ್ರವಾ. ಇಲ್ಲ ಅನ್ನೂದಿಲ್ಲ. ಆದ್ರ ನಾ ಈಗ ಒಬ್ಬಾಕಿ. ಇಂವ ದಿನಾ ಬರ್ತಾನ. ಔಷಧ ತರ್ತಾನ. ಇವನ್ನ ಎದುರು ಹಾಕ್ಕೊಂಡು ನಾ ಹ್ಯಾಂಗಿರ್ಲಿ? ನೀ ಮಣ್ಣಿಗೂ ಬರಲಿಲ್ಲ."

ಆ ಕೊನೆಯ ಮಾತು. ಮೇಜಿನ ಕಡೆ ಹೆಜ್ಜೆ ಇಟ್ಟೆ. ಮೇಜು ಖಾಲಿ. ಸೊಂಟದಲ್ಲಿ ನೋವು ಎದ್ದಿತು, ಕಾಲು ಒದ್ದೆಯಾಯಿತು. ನೋಡಿದರೆ ಕೆಂಪು.

ನನ್ನನ್ನು ಎತ್ತಿ ಕಾರಿಗೆ ಹಾಕಿದ್ದು ಶ್ರೀನಿವಾಸ. ದಾರಿಯುದ್ದಕ್ಕೂ "ಮೇಡಂ, ಕಣ್ ಮುಚ್ಬೇಡಿ, ಕಣ್ ಮುಚ್ಬೇಡಿ" ಅನ್ನುತ್ತಿದ್ದರು. ಅಳುತ್ತಿದ್ದರು. ಪೂರ್ತಿ ದ್ವೇಷಿಸಲೂ ಅವರು ನನ್ನನ್ನು ಬಿಡಲಿಲ್ಲ.

ಹೆಣ್ಣು. ಏಳನೇ ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಇದ್ದಾಳೆ. ಮೂಗಿನಲ್ಲಿ ನಳಿಗೆ. ಅಂಗೈಯಷ್ಟು ಬೆನ್ನು. ನನ್ನ ಹಟಕ್ಕೆ ಈ ಶಿಕ್ಷೆ ಇವಳಿಗೇಕೆ? ಉಮಾಶಂಕರ ಬೈಯುವುದಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಫೆಬ್ರವರಿ 3

ಶ್ರೀನಿವಾಸ ಬಂದಿದ್ದರು. ಆಸ್ಪತ್ರೆಯವರು ಒಳಗೆ ಬಿಡಲಿಲ್ಲ; ವೇಟಿಂಗ್ ರೂಮಿನಲ್ಲಿ ಕೂತೆವು. ಬುತ್ತಿ ಕೈಗಿತ್ತು, ತಲೆ ತಗ್ಗಿಸಿಕೊಂಡೇ ಹೇಳಿದರು.

"ಪುಸ್ತಕ ಪ್ರೆಸ್ಸಿಗೆ ಹೋಯ್ತು. ಮಟಿಲ್ಡಾ ಎರಡೇ ಪುಟ... ಥ್ಯಾಂಕ್ಸ್‌ನಲ್ಲಿ ಫಸ್ಟ್ ನಿಮ್ಮ ಹೆಸ್ರೇ ಇದೆ."

"ತೆಗೀರಿ."

"ಮೇಡಂ?"

"ನನ್ನ ಜೀವ ಉಳಿಸೀರಿ. ನನ್ನ ಕೂಸಿನ ಜೀವ ಉಳಿಸೀರಿ. ಅದನ್ನ ಸಾಯೂತನಕ ಮರಿಯೂದಿಲ್ಲ. ಆದ್ರ ಆ ಪುಸ್ತಕದಾಗ ನನ್ನ ಹೆಸರು ಬ್ಯಾಡ."

ಶ್ರೀನಿವಾಸ ಎದ್ದು ಹೋದರು.

ಫೆಬ್ರವರಿ 21

ನಳಿಗೆ ತೆಗೆದರು. ತಾನೇ ಉಸಿರಾಡುತ್ತಿದ್ದಾಳೆ. ಮೊದಲ ಸಲ ಎದೆಯ ಮೇಲೆ ಮಲಗಿಸಿಕೊಂಡೆ. ಎಷ್ಟು ಅತ್ತೆನೋ.

ಸಂಜೆ ಕಾಕು ಫೋನು ಮಾಡಿದರು. "ಕೂಸು ಉಳೀತಲ್ಲ, ಅದ ದೊಡ್ಡದು. ಪುಸ್ತಕ ಹೋದ್ರ ಹೋತು ಬಿಡವಾ." ಉಮಾಶಂಕರ ಅಂದದ್ದೂ ಅದೇ. ಊರಿಂದ ಅವ್ವ ಅಂದದ್ದೂ ಅದೇ. ಹೂಂ ಅಂದೆ.

ಮಟಿಲ್ಡಾಳ ಬಗ್ಗೆಯೂ ಹೀಗೇ ಬರೆಯುತ್ತಾರೆ. ಸೋತರೇನು, ಕಡೆಗೆ ಮಗ ದೊರೆಯಾದ, ಗೆದ್ದ ಹಾಗೇ. ಸರ್ ಇದನ್ನು ಒಪ್ಪುತ್ತಿರಲಿಲ್ಲ. ಅವಳು ಅಷ್ಟು ವರ್ಷ ಯುದ್ಧ ಮಾಡಿದ್ದು ಮಗನ ಕಿರೀಟಕ್ಕೆ ಮಾತ್ರವೇ? ಅವಳಿಗೆ ಬೇಕಾಗಿದ್ದದ್ದು ತನ್ನದು. ಮಗನನ್ನು ಪ್ರೀತಿಸಿರಬಹುದು, ಜೀವಕ್ಕಿಂತ ಹೆಚ್ಚು ಪ್ರೀತಿಸಿರಬಹುದು. ಆದರೂ ತನ್ನದು.

ಇವಳ ಉಸಿರು ನನ್ನ ಕುತ್ತಿಗೆಗೆ ಬೆಚ್ಚಗೆ ತಾಗುತ್ತಿದೆ. ಇವಳು ಸಾಕು ಅನ್ನಬೇಕು. ಎಲ್ಲರೂ ಕಾಯುತ್ತಿದ್ದಾರೆ, ನಾನು ಹಾಗೆ ಅನ್ನಲಿ ಅಂತ.

ಆದರೆ ನನಗೂ ನನ್ನದು—